ಕೂಸಿಗಿಂತ ಮೊದಲು ಬಂದ ಹಾಲು

ಸೋಖಿಂಗ್‌ಳನ್ನು ಪೋಚಾಯ್ ಮೊದಲ ಸಲ ಕಂಡದ್ದು ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ, ಡಯಾಲಿಸಿಸ್ ಕೋಣೆಯಲ್ಲಿ. ಪೋಚಾಯ್‌ಳ ಪಕ್ಕದ ಕುರ್ಚಿಯಲ್ಲಿ ಹಿಂದಿನ ವಾರದವರೆಗೆ ಒಬ್ಬ ಮುದುಕ ಮಲಗುತ್ತಿದ್ದ. ಅವನು ತೀರಿಕೊಂಡ ಮೇಲೆ ಕುರ್ಚಿ ಖಾಲಿಯಿತ್ತು. ಅವತ್ತು ಅದರ ಮೇಲೆ ಒಗೆದ ಬಿಳಿ ಹೊದಿಕೆ ಹಾಸಿದ್ದರು. ಯಾರೋ ಹೊಸಬರು ಬರುತ್ತಾರೆಂದು ಪೋಚಾಯ್‌ಗೆ ಅಷ್ಟರಿಂದಲೇ ತಿಳಿದಿತ್ತು. ಬಂದವಳು ಮೂವತ್ತೂ ತುಂಬದ ಹೆಣ್ಣಾಗಿರುತ್ತಾಳೆಂದು ಮಾತ್ರ ಅಂದುಕೊಂಡಿರಲಿಲ್ಲ.

ಹುಡುಗಿಯ ಅಂಗೈ ತುಂಬ ಗೀರುಗಳಿದ್ದವು. ಕೆಲವು ಹಳೆಯವು, ಬಿಳಿ ಗೆರೆಗಳಾಗಿದ್ದವು. ಕೆಲವು ಇನ್ನೂ ಕೆಂಪಗಿದ್ದವು. ಸಮುದ್ರದ ಸಿಂಪಿ ಒಡೆದು ಮಾಂಸ ತೆಗೆಯುವವರ ಕೈ ಅದು. ತೈನಾನಿನ ಹತ್ತಿರದ ಆ ಕರಾವಳಿಯಲ್ಲಿ ಅಂಥ ಕೈಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ನರ್ಸ್ ಯಾಲಿಂಗ್ ಸೂಜಿ ಹಿಡಿದು ಬಂದಾಗ ಆ ಕೈ ಮುಷ್ಟಿಯಾಯಿತು.

"ತೋಳು ಬಿಗಿ ಹಿಡೀಬೇಡ ಕಣೇ. ಬಿಗಿ ಹಿಡಿದಷ್ಟೂ ನೋಯ್ತದೆ," ಎಂದಳು ಪೋಚಾಯ್.

"ನೋಡಬಾರದು ಅಂದ್ರೂ ಕಣ್ಣು ಅಲ್ಲೇ ಹೋಗ್ತದೆ ಅಜ್ಜಿ."

"ಹಂಗಾದ್ರೆ ನನ್ನ ಮುಖ ನೋಡು. ಅದೂ ಅಷ್ಟೇನು ಚೆನ್ನಾಗಿಲ್ಲ. ಆದ್ರೆ ಚುಚ್ಚಲ್ಲ."

ಹುಡುಗಿ ನಕ್ಕಳು. ನಗುವಾಗಲೇ ಯಾಲಿಂಗ್ ಸೂಜಿ ಇಳಿಸಿ ಪ್ಲಾಸ್ಟರ್ ಹಚ್ಚಿಬಿಟ್ಟಳು. ರಕ್ತ ಕೊಳವೆಯೊಳಗೆ ಹರಿದು ಯಂತ್ರ ತಿರುಗತೊಡಗಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: "ಅಜ್ಜಿ, ನಿಮ್ಮ ಕತ್ತಿನ ಮೇಲೆ ಅದೇನು ಗಾಯ?"

"ಅದಾ? ಕತ್ತಿನ ಗ್ರಂಥಿ ತೆಗೆದದ್ದು. ಕಿಡ್ನಿ ಸತ್ತ ಮೇಲೆ ಅದಕ್ಕೆ ಹುಚ್ಚು ಹಿಡೀತು. ಬೇಡಾ ಅಂದ್ರೂ ಅದರ ರಸ ಸುರಿಸ್ತಾನೇ ಇತ್ತು. ಎಲುಬೆಲ್ಲ ತಿಂದು ಹಾಕ್ತಿತ್ತಂತೆ. ಈಗ ಚೂರೇ ಚೂರು ತಂದು ಈ ಮುಂಗೈ ಚರ್ಮದ ಕೆಳಗೆ ಹೂತಿದಾರೆ. ಪೂರ್ತಿ ಇಲ್ಲದಿದ್ರೂ ನಡಿಯಲ್ವಂತೆ." ಪೋಚಾಯ್ ಸೂಜಿಯಿಲ್ಲದ ಕೈಯನ್ನು ಎತ್ತಿ ತೋರಿಸಿದಳು. "ಕಿಡ್ನಿ ಒಂದು ಹೋದ್ರೆ ಮೈಯೊಳಗೆ ಯಜಮಾನ ಇಲ್ಲದ ಮನೆ ಹಂಗೆ ಆಗ್ತದೆ. ಎಲ್ಲಾ ಅದರದರ ಇಷ್ಟಕ್ಕೆ ಕುಣೀತವೆ."

ಹೀಗೆ ಶುರುವಾಯಿತು. ಸೋಮವಾರ, ಬುಧವಾರ, ಶುಕ್ರವಾರ. ಪೋಚಾಯ್‌ಳ ಗಂಡ ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದವನು, ಸತ್ತು ಬಹಳ ವರ್ಷವಾಗಿತ್ತು. ಅವಳಿಗೆ ಓದಲು ಬರುತ್ತಿದ್ದದ್ದು ಅವಳ ಹೆಸರು, ಬಸ್ಸಿನ ಹೆಸರು, ತೂಕದ ಯಂತ್ರದ ಅಂಕೆ, ಇಷ್ಟೇ. ಆದರೆ ಪಕ್ಕದ ಕುರ್ಚಿಯವಳ ಮುಖ ಯಾವತ್ತು ಊದಿದೆ, ಯಾವತ್ತು ನೀರು ಹೆಚ್ಚು ಕುಡಿದಿದ್ದಾಳೆ ಎನ್ನುವುದನ್ನು ಅವಳು ತೂಕದ ಯಂತ್ರಕ್ಕಿಂತ ಮೊದಲೇ ಹೇಳುತ್ತಿದ್ದಳು. "ನಿನ್ನೆ ಮೀನಿನ ಗಂಜಿ ಕುಡಿದೆಯಲ್ಲ?" ಅಂದರೆ ಸೋಖಿಂಗ್ ನಾಲಗೆ ಕಚ್ಚಿಕೊಳ್ಳುತ್ತಿದ್ದಳು. "ಒಂದೇ ಬಟ್ಟಲು ಅಜ್ಜಿ. ಅತ್ತೆ ಕೈಯಾರೆ ಕೊಟ್ಟಿದ್ರು, ಹೆಂಗೆ ಬೇಡ ಅನ್ನಲಿ?"

ಅತ್ತೆಯ ಹೆಸರು ಬೋಂಗ್‌ಚಿ. ಹೆಣ್ಣು ಹುಟ್ಟಿತಲ್ಲ, ಇರಲಿ, ಹೇಗೋ ಸಾಕೋಣ ಎಂದು ತಂದೆತಾಯಿ ಇಟ್ಟ ಹೆಸರದು. ಆ ಹೆಸರು ಹೊತ್ತು ಬೆಳೆದ ಹೆಂಗಸು ಸಿಂಪಿಯ ಹಲಗೆಯ ಮುಂದೆ ಕೂತು ಒಬ್ಬನೇ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಮಗ ಗಿಮ್ಹುಯ್ ಮೀನಿನ ಕೊಳ ನೋಡಿಕೊಳ್ಳುತ್ತಿದ್ದ. ಸೋಖಿಂಗ್ ಮದುವೆಯಾಗಿ ಬಂದ ಎರಡನೆಯ ವರ್ಷ ಬಸುರಾದಳು. ಏಳನೆಯ ತಿಂಗಳಲ್ಲಿ ಕಾಲು ಮುಖ ಊದಿ, ರಕ್ತದ ಒತ್ತಡ ಏರಿ, ಕೂಸು ಹೊಟ್ಟೆಯಲ್ಲೇ ಹೋಯಿತು. ಮೊದಲೇ ಬಲವಿಲ್ಲದ ಅವಳ ಕಿಡ್ನಿಗಳು ಅದಾದ ಮೇಲೆ ಚೇತರಿಸಿಕೊಳ್ಳಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹೂವಿನ ಬಟ್ಟೆಯನ್ನು ಬೋಂಗ್‌ಚಿ ಆಗಲೇ ಹೊಲಿಸಿಟ್ಟಿದ್ದಳು. ಅದನ್ನು ಯಾರಿಗೂ ಕೊಡಲಿಲ್ಲ, ಎಸೆಯಲೂ ಇಲ್ಲ. ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಅದು ಅಲ್ಲಿದೆಯೆಂದು ಸೊಸೆಗೂ ಗೊತ್ತು, ಸೊಸೆಗೆ ಗೊತ್ತೆಂದು ಅತ್ತೆಗೂ ಗೊತ್ತು.

ಮರುವರ್ಷ, ಹೊಸವರ್ಷದ ಕೆಂಪು ಕಾಗದಗಳು ಬಾಗಿಲಲ್ಲಿ ಮಾಸತೊಡಗಿದ್ದ ದಿನಗಳಲ್ಲಿ, ಸೋಖಿಂಗ್ ಕುರ್ಚಿಯಲ್ಲಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದಳು. ಸೆಕೆ ಶುರುವಾಗಿತ್ತು. ಪೋಚಾಯ್ ನೋಡಿದಳು. ಹೊದಿಕೆ ಸರಿದಾಗ ಅಂಗಿಯ ಮುಂದೆ ಎರಡು ಒದ್ದೆ ಗುರುತುಗಳು ಕಂಡವು.

"ಅದೇನೇ?"

ಸೋಖಿಂಗ್‌ಳ ಮುಖ ಕೆಂಪಾಯಿತು. "ಹಾಲು ಅಜ್ಜಿ. ಯಾರಿಗೂ ಹೇಳಬೇಡಿ."

"ಮುಟ್ಟು?"

"ಹೊಸವರ್ಷಕ್ಕೆ ಮುಂಚಿಂದಲೂ ಇಲ್ಲ."

ಪೋಚಾಯ್ ತನಗರಿವಿಲ್ಲದೆ ಕತ್ತಿನ ಗಾಯವನ್ನು ಮುಟ್ಟಿಕೊಂಡಳು. ಬೇಡವೆಂದರೂ ಸುರಿಯುತ್ತಿದ್ದ ಆ ಗ್ರಂಥಿಯ ನೆನಪಾಯಿತು. ಇದೂ ಅಂಥದ್ದೇ ಏನೋ ಎನ್ನಿಸಿತು. ಆದರೆ ಹುಡುಗಿಯ ಕಣ್ಣಿನಲ್ಲಿ ಹೆದರಿಕೆಯ ಕೆಳಗೆ ಆಸೆಯೂ ಇತ್ತು. "ಯಾಲಿಂಗ್‌ಗೆ ಹೇಳು. ನಾನು ಹೇಳಲ್ಲ, ನೀನೇ ಹೇಳು," ಎಂದಷ್ಟೇ ಅಂದಳು.

ಸೋಖಿಂಗ್ ಹೇಳುವ ಮೊದಲೇ ಬೋಂಗ್‌ಚಿ ಬಟ್ಟೆ ಒಗೆಯುವಾಗ ಅಂಗಿಯನ್ನು ಕಂಡಿದ್ದಳು. ಮೂಸಿಯೂ ನೋಡಿದ್ದಳು. ಅವತ್ತೇ ಕಡಲ ದೇವತೆ ಮಾತ್ಸು ತಾಯಿಯ ಗುಡಿಗೆ ಹೋಗಿ, ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ಎಸೆದು, ಸೊಸೆ ಬಸುರಿಯೇ ಎಂದು ಕೇಳಿದಳು. ಒಂದು ಅಂಗಾತ, ಒಂದು ಬೋರಲು ಬಿದ್ದವು. ಹೌದು ಎಂದಳು ತಾಯಿ. ಮತ್ತೆ ಎಸೆದಳು, ಮತ್ತೆ ಹೌದು.

ಅಲ್ಲಿಂದ ಆ ಮನೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಬಸುರಿಯ ಮನೆಯಲ್ಲಿ ಗರ್ಭ ಕಾಯುವ ದೇವರು ಇವತ್ತು ಬಾಗಿಲಲ್ಲಿ ಕೂತರೆ ನಾಳೆ ಮಂಚದಲ್ಲಿ, ನಾಳಿದ್ದು ಒಲೆಯಲ್ಲಿ ಕೂತಿರುತ್ತಾನೆ. ಗೊತ್ತಿಲ್ಲದೆ ಮೊಳೆ ಹೊಡೆದರೆ ಅವನಿಗೇ ತಗಲುತ್ತದೆ, ಕೂಸಿಗೆ ಊನವಾಗುತ್ತದೆ. ಮಂಚ ಸರಿಸುವ ಹಾಗಿಲ್ಲ. ಹಾಸಿಗೆಯ ಮೇಲೆ ಕತ್ತರಿ ಇಡುವ ಹಾಗಿಲ್ಲ. ಗಿಮ್ಹುಯ್ ಮುರಿದ ಕಿಟಕಿಗೆ ಹಲಗೆ ಬಡಿಯಲು ಹೋದಾಗ ಬೋಂಗ್‌ಚಿ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟಳಂತೆ.

ಆ ಶುಕ್ರವಾರ ಅವಳು ಸೊಸೆಯ ಜೊತೆ ಡಯಾಲಿಸಿಸ್ ಕೇಂದ್ರಕ್ಕೇ ಬಂದಳು. ಯಾಲಿಂಗ್ ಎಂದಿನಂತೆ ಪ್ಲಾಸ್ಟರ್ ಕತ್ತರಿಸಿ ಕತ್ತರಿಯನ್ನು ಸೋಖಿಂಗ್‌ಳ ಕಾಲಿನ ಹತ್ತಿರ ಹೊದಿಕೆಯ ಮೇಲೆ ಇಟ್ಟಳು.

"ಏ ಹುಡುಗಿ! ಕತ್ತರಿ ತೆಗಿ ಅಲ್ಲಿಂದ!"

"ಪ್ಲಾಸ್ಟರ್ ಕತ್ತರಿಸ್ಬೇಕಲ್ಲ ಅಮ್ಮ."

"ಬಾಯಲ್ಲಿ ಹಲ್ಲಿಲ್ವಾ ನಿಂಗೆ?"

"ನಾನು ಹಲ್ಲಲ್ಲಿ ಕಚ್ಚಿ ಹಚ್ಚಿದ್ರೆ ಡಾಕ್ಟರ್ ಬಂದು ನನ್ನ ಕಚ್ತಾರೆ," ಎಂದು ಯಾಲಿಂಗ್ ನಕ್ಕಳು. ಸಾಲಿನ ಕುರ್ಚಿಗಳೆಲ್ಲ ನಕ್ಕವು. ಬೋಂಗ್‌ಚಿ ನಗಲಿಲ್ಲ. ತಲೆಯೆತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮ ಸೊಸೆ ಬಸುರಿ."

ನಗು ನಿಂತುಹೋಯಿತು. ಯಾಲಿಂಗ್ ಸೋಖಿಂಗ್‌ಳ ಮುಖ ನೋಡಿದಳು, ಆಮೇಲೆ ಡಾಕ್ಟರ್ ಛುವಾ ಅವರನ್ನು ಕರೆಯಲು ಹೋದಳು.

ಬೇರೆ ಹೆಂಗಸರಾದರೆ ಮೂತ್ರ ನೋಡಿ ಹೇಳಬಹುದು. ಸೋಖಿಂಗ್‌ಳಿಗೆ ಮೂತ್ರವೇ ಬರುತ್ತಿರಲಿಲ್ಲ. ರಕ್ತ ತೆಗೆದರು. ಮಧ್ಯಾಹ್ನ ಡಾಕ್ಟರು ಬಂದು ಕುರ್ಚಿಯ ಪಕ್ಕ ಕೂತರು. "ಬಸುರಿನ ಹಾರ್ಮೋನು ರಕ್ತದಲ್ಲಿ ಸ್ವಲ್ಪ ತೋರಿಸ್ತಿದೆ. ಆದ್ರೆ ಕಿಡ್ನಿ ಕೆಲಸ ಮಾಡದವರಲ್ಲಿ ಏನೂ ಇಲ್ಲದಿದ್ರೂ ಹೀಗೆ ತೋರಿಸೋದುಂಟು. ನಿಜ ಆದ್ರೆ ಅದು ದಿನ ಹೋದ ಹಾಗೆ ಏರ್ತಾ ಹೋಗುತ್ತೆ. ಸೋಮವಾರ ಮತ್ತೆ ನೋಡೋಣ. ಅಲ್ಲಿವರೆಗೆ ಏನೂ ಅಂದ್ಕೋಬೇಡಿ."

ಡಾಕ್ಟರು ಹೇಳಿದ್ದು ಅಷ್ಟೂ ಮಾತು. ಬೋಂಗ್‌ಚಿಯ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. "ಸ್ವಲ್ಪ ಅಂದ್ರೇನು?" ಎಂದು ಮೆಟ್ಟಿಲಿಳಿಯುವಾಗ ಅವಳು ಪೋಚಾಯ್‌ಗೆ ಹೇಳಿದಳು. "ಅಕ್ಕಾ, ಕೂಸು ಅಂದ ಮೇಲೆ ಮೊದಲು ಸ್ವಲ್ಪವೇ ಅಲ್ವಾ ಇರೋದು?"

ಸೋಖಿಂಗ್ ಅತ್ತೆಯಿಂದ ಎರಡು ಹೆಜ್ಜೆ ಹಿಂದೆ ಉಳಿದು, ಪೋಚಾಯ್‌ಳ ಕಿವಿಯ ಹತ್ತಿರ ಬಂದಳು. ಅವಳ ಉಸಿರಿನಲ್ಲಿ ಬೇರುಗಳ ಕಹಿ ವಾಸನೆಯಿತ್ತು. "ಅತ್ತೆ ಹದಿಮೂರು ಬೇರಿನ ಕಷಾಯ ಕೊಡ್ತಿದಾರೆ ಅಜ್ಜಿ. ಬಸುರು ನಿಲ್ಲೋದಕ್ಕೆ. ಇಲ್ಲಿ ಹೇಳಬೇಡಿ, ನಿಲ್ಲಿಸಿಬಿಡ್ತಾರೆ."

"ನಿಂಗೆ ಬುದ್ಧಿ ಇದೆಯೇನೇ? ಬೇರು ಸೊಪ್ಪು ಯಾವುದೂ ಕುಡೀಬಾರದು ಅಂತ ಮೊದಲ ದಿನವೇ ಹೇಳಿಲ್ವಾ? ಅದರಲ್ಲಿರೋ ಕ್ಷಾರ ನಮ್ಮ ಮೈಯಿಂದ ಆಚೆ ಹೋಗಲ್ಲ ಕಣೇ. ಎದೆ ನಿಲ್ತದೆ."

"ಹೋದ ಸಲ ಕುಡಿದಿರಲಿಲ್ಲ ಅಂತಲೇ ಕೂಸು ಹೋಯ್ತು ಅಂತಾರೆ ಅತ್ತೆ." ಅವಳ ಕಣ್ಣು ತುಂಬಿತು. "ಇದೊಂದು ಸಲ ಅಜ್ಜಿ. ನಿಮಗೆ ಕೈ ಮುಗೀತೀನಿ."

ಪೋಚಾಯ್ ಏನೂ ಮಾತು ಕೊಡಲಿಲ್ಲ. ಬೇಡ ಎನ್ನಲೂ ಇಲ್ಲ. ಸೋಖಿಂಗ್ ಅದನ್ನೇ ಒಪ್ಪಿಗೆ ಎಂದುಕೊಂಡು ಹೋದಳು.

ಸೋಮವಾರ ಪಕ್ಕದ ಕುರ್ಚಿ ಖಾಲಿಯಿತ್ತು. "ಫೋನ್ ಮಾಡಿದೆ," ಎಂದಳು ಯಾಲಿಂಗ್. "ಮಲಗಿದಾಳೆ, ಸುಸ್ತು, ಬುಧವಾರ ಬರ್ತಾಳೆ ಅಂದ್ರು ಅವಳ ಅತ್ತೆ." ಪೋಚಾಯ್‌ಳ ತೋಳಿಗೆ ಆಗಲೇ ಸೂಜಿ ಇಳಿದಿತ್ತು, ಯಂತ್ರ ತಿರುಗುತ್ತಿತ್ತು. ಎದ್ದು ಹೋಗುವ ಹಾಗಿರಲಿಲ್ಲ. ಅವಳು ಹಾಸಿದ್ದ ಬಿಳಿ ಹೊದಿಕೆಯನ್ನೇ ನೋಡಿದಳು. ಮುದುಕ ಹೋದ ವಾರವೂ ಅದು ಹೀಗೇ, ಒಂದು ಸುಕ್ಕೂ ಇಲ್ಲದೆ ಇತ್ತು. ಹುಡುಗಿಗೆ ಆ ಕೂಸು ಎಷ್ಟು ಬೇಕೆಂದು ಅವಳಿಗೆ ಗೊತ್ತಿತ್ತು. ತಾನು ಬಾಯಿ ಬಿಟ್ಟರೆ ಹುಡುಗಿ ಮತ್ತೆ ತನ್ನ ಮುಖ ನೋಡದೆ ಇರಬಹುದು, ಅದೂ ಗೊತ್ತಿತ್ತು.

"ಯಾಲಿಂಗ್, ಬಾ ಇಲ್ಲಿ," ಎಂದು ಕರೆದಳು. "ಅದು ಸುಸ್ತಲ್ಲ. ಅವಳು ಹದಿಮೂರು ಬೇರಿನ ಕಷಾಯ ಕುಡೀತಿದಾಳೆ. ಯಂತ್ರ ಕೂಸಿನ ರಕ್ತ ತೊಳೆದುಬಿಡ್ತದೆ ಅಂತ ಅತ್ತೆ ಹೆದರಿ ಮನೇಲಿ ಇಟ್ಕೊಂಡಿರಬೇಕು. ಓಡು."

ಆಂಬುಲೆನ್ಸು ಹೋದಾಗ ಸೋಖಿಂಗ್ ಮಂಚದ ಮೇಲೆ ಕೂತೇ ಇದ್ದಳಂತೆ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮಂಚ ಸರಿಸದೆ ಆಚೆ ತರಲಾಗದು ಎಂದರೆ ಬೋಂಗ್‌ಚಿ ಮಂಚಕ್ಕೆ ಅಡ್ಡ ನಿಂತಳಂತೆ. ಗಿಮ್ಹುಯ್ ತಾಯಿಯನ್ನು ಎತ್ತಿ ಪಕ್ಕಕ್ಕಿಟ್ಟು ಮಂಚ ಎಳೆದ. ಕೇಂದ್ರಕ್ಕೆ ತಂದಾಗ ಅವಳ ಎದೆಯ ಬಡಿತ ತಡೆತಡೆದು ಬರುತ್ತಿತ್ತು. ಸೂಜಿಯ ಮೇಲೆ ಸೂಜಿ ಕೊಟ್ಟು, ಯಂತ್ರಕ್ಕೆ ಹಾಕಿ, ಸಂಜೆಯ ಹೊತ್ತಿಗೆ ಹದಕ್ಕೆ ತಂದರು. ರಕ್ತವನ್ನೂ ನೋಡಿದರು. ಆ ಹಾರ್ಮೋನು ಶುಕ್ರವಾರ ಎಷ್ಟಿತ್ತೋ ಅಷ್ಟೇ ಇತ್ತು, ಕೂದಲೆಳೆಯಷ್ಟೂ ಏರಿರಲಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿಯಿತ್ತು.

ಡಾಕ್ಟರ್ ಛುವಾ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿ ಹೇಳಿದರು. ಹಾಲು ಬರಿಸುವ ರಸವೊಂದು ತಲೆಯೊಳಗಿನ ಒಂದು ಪುಟ್ಟ ಗ್ರಂಥಿಯಲ್ಲಿ ಹುಟ್ಟುತ್ತದೆ. ಅದು ಎಲ್ಲರಲ್ಲೂ ಅಷ್ಟಿಷ್ಟು ಇರುತ್ತದೆ, ಹೆಚ್ಚಾದದ್ದನ್ನು ಕಿಡ್ನಿ ತೆಗೆದುಹಾಕುತ್ತದೆ. ಕಿಡ್ನಿ ಇಲ್ಲದಿದ್ದರೆ ಅದು ರಕ್ತದಲ್ಲೇ ಉಳಿದು ಏರುತ್ತದೆ. ಯಂತ್ರಕ್ಕೂ ಅದನ್ನು ತೊಳೆಯಲು ಬರುವುದಿಲ್ಲ. ಅದು ಏರಿದರೆ ಮುಟ್ಟು ನಿಲ್ಲುತ್ತದೆ, ಹಾಲು ಬರುತ್ತದೆ. "ಮೈ ಮೋಸ ಮಾಡಿದೆ. ನಿಮ್ಮ ತಪ್ಪಲ್ಲ ಅಮ್ಮ," ಎಂದರು.

ಬೋಂಗ್‌ಚಿ ಎದ್ದು, ಬಾಗಿಲ ಬಳಿ ಕಾದು ನಿಂತಿದ್ದ ಪೋಚಾಯ್‌ಳ ಮುಂದೆ ಬಂದಳು. "ನೀನು ಯಾರೇ ನಮ್ಮನೆ ವಿಷಯ ಹೇಳೋದಕ್ಕೆ?"

"ಪಕ್ಕದ ಕುರ್ಚಿಯವಳು," ಎಂದಳು ಪೋಚಾಯ್.

ಮರುದಿನ ಬೋಂಗ್‌ಚಿ ಅಕ್ಕಿಯ ಡಬ್ಬದಿಂದ ಸುತ್ತಿಗೆ ತೆಗೆದು, ಮಂಚದ ತಲೆಯ ಮೇಲಿನ ಗೋಡೆಗೆ ಉದ್ದನೆಯ ಮೊಳೆಯೊಂದನ್ನು ಹೊಡೆದಳು. ಅದಕ್ಕೆ ಪಂಚಾಂಗ ತೂಗುಹಾಕಿದಳು. ಸೋಖಿಂಗ್ ಅಡಿಗೆಮನೆಯಲ್ಲಿ ಕೂತು ಒಂದೊಂದು ಪೆಟ್ಟನ್ನೂ ಕೇಳಿದಳಂತೆ. "ಅತ್ತೆ ಅಳಲಿಲ್ಲ ಅಜ್ಜಿ. ಪೆಟ್ಟಿನ ಮಧ್ಯೆ ನಿಲ್ಲಿಸ್ತಿದ್ರು. ಆಮೇಲೆ ಮತ್ತೆ ಹೊಡೀತಿದ್ರು." ಬುಧವಾರ ಅವಳು ಇದನ್ನು ಛಾವಣಿ ನೋಡುತ್ತ ಹೇಳಿದಳು. ಪೋಚಾಯ್‌ಳ ಮೇಲೆ ಕೋಪವಿದೆಯೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮನೆಗೆ ಹೊರಡುವಾಗ ಮಾತ್ರ ಪೋಚಾಯ್‌ಳ ಜಾರಿದ ಹೊದಿಕೆಯನ್ನು ಎಳೆದು ಪಾದ ಮುಚ್ಚಿ ಹೋದಳು.

ಮಳೆಗಾಲದಲ್ಲಿ ಬೋಂಗ್‌ಚಿ ಒಬ್ಬಳೇ ಡಾಕ್ಟರ ಕೋಣೆಗೆ ಬಂದಳು. ಬಾಗಿಲು ತೆರೆದಿತ್ತು, ತೂಕ ನೋಡಿಕೊಳ್ಳಲು ನಿಂತಿದ್ದ ಪೋಚಾಯ್‌ಗೆ ಎಲ್ಲ ಕೇಳಿಸಿತು.

"ಬೇರೆ ಕಿಡ್ನಿ ಹಾಕಿದ್ರೆ ಆ ಹಾಲು ನಿಲ್ತದಾ?"

"ಸಾಮಾನ್ಯವಾಗಿ ನಿಲ್ಲುತ್ತೆ. ಕೆಲವು ವಾರದಲ್ಲೇ ಆ ಹಾರ್ಮೋನು ಇಳಿಯುತ್ತೆ. ಮುಟ್ಟೂ ವಾಪಸ್ ಬರಬಹುದು."

"ಹಂಗಾದ್ರೆ ನಂದು ತಗೊಳ್ಳಿ."

"ಅದಕ್ಕೆ ಕಾನೂನು ಬಿಡಲ್ಲ ಅಮ್ಮ. ಅತ್ತೆ ರಕ್ತಸಂಬಂಧ ಅಲ್ಲ. ಒಡಹುಟ್ಟಿದವರು, ಇಲ್ಲಾಂದ್ರೆ ಗಂಡ ಕೊಡಬಹುದು."

"ಇಷ್ಟು ವರ್ಷ ನಾನು ಬೇಯಿಸಿದ ಅನ್ನ ತಿಂದಿದಾಳೆ. ಅದು ಅವಳ ಮೈಯಲ್ಲಿ ರಕ್ತ ಆಗದೆ ಇನ್ನೇನಾಗಿದೆ?" ಆಮೇಲೆ ಅವಳ ದನಿ ಇಳಿಯಿತು. "ಡಾಕ್ಟ್ರೇ, ಗಂಡಸಿನ ಬಲ ಇರೋದೇ ಕಿಡ್ನಿಯಲ್ಲಿ ಅಂತಾರೆ. ನನ್ನ ಮಗ ಒಂದು ಕೊಟ್ಟುಬಿಟ್ರೆ ಅವನಿಗೆ ಮಕ್ಕಳಾಗುತ್ತಾ?"

"ಆ ಬಲಕ್ಕೂ ಕಿಡ್ನಿಗೂ ಸಂಬಂಧ ಇಲ್ಲಮ್ಮ. ಒಂದು ಕಿಡ್ನಿ ಇಟ್ಕೊಂಡು ಅಪ್ಪಂದಿರಾದವರು ಬೇಕಾದಷ್ಟು ಜನ ಇದಾರೆ."

ಬೋಂಗ್‌ಚಿ ಅದನ್ನು ನಂಬಿದಳೋ ಇಲ್ಲವೋ ಹೇಳುವುದು ಕಷ್ಟ. ಚಿಕ್ಕಂದಿನಿಂದ ಕೇಳಿಕೊಂಡು ಬಂದದ್ದು ಒಬ್ಬ ಡಾಕ್ಟರ ಒಂದು ಮಾತಿಗೆ ಹೋಗುವುದಿಲ್ಲ. ಆದರೂ ಮುಂದಿನ ವಾರ ಮಗನ ತೋಳು ಹಿಡಿದು ಪರೀಕ್ಷೆಗೆ ಕರೆತಂದವಳು ಅವಳೇ. ಗಿಮ್ಹುಯ್ ನಾಚಿಕೊಂಡು ನಿಂತಿದ್ದ. "ಅಮ್ಮ ಹೇಳದಿದ್ರೂ ಕೊಡ್ತಿದ್ದೆ," ಎಂದ ಯಾಲಿಂಗ್‌ಗೆ. "ಅಮ್ಮ ಹೇಳಲಿ ಅಂತ ಕಾಯ್ತಿದ್ದೆ."

ಅವನ ಕಿಡ್ನಿ ಹೊಂದಿತು. ತೈನಾನಿನ ದೊಡ್ಡ ಆಸ್ಪತ್ರೆಯಲ್ಲಿ ಹಾಕಿದರು. ಪಕ್ಕದ ಕುರ್ಚಿಗೆ ಬೇರೆ ಯಾರೋ ಬಂದರು, ಮಾತೇ ಆಡದ ಗಂಡಸು. ಬಹಳ ದಿನಗಳ ಮೇಲೆ ಸೋಖಿಂಗ್ ಬಾಗಿಲಲ್ಲಿ ಬಂದು ನಿಂತಾಗ ಪೋಚಾಯ್‌ಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಚರ್ಮದ ಬೂದಿಬಣ್ಣ ಹೋಗಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕಣ್ಣು ನಗುತ್ತಿತ್ತು.

"ಅಜ್ಜಿ, ಹಾಲು ನಿಂತಿತು," ಎಂದು ಕಿವಿಯಲ್ಲಿ ಹೇಳಿದಳು. "ಮೊನ್ನೆ ಮುಟ್ಟಾದೆ. ಅತ್ತೆಗೆ ಹೇಳಿದ್ರೆ ಓಡಿಹೋಗಿ ಗುಡಿಯಲ್ಲಿ ಊದುಬತ್ತಿ ಹಚ್ಚಿ ಬಂದ್ರು. ಬೇರಿನ ಅಂಗಡಿಗೂ ಹೋಗಿದ್ರಂತೆ. ಬಾಗಿಲವರೆಗೆ ಹೋಗಿ, ನಿಂತು, ಬರಿಗೈಯಲ್ಲಿ ವಾಪಸ್ ಬಂದ್ರಂತೆ."

ಡಾಕ್ಟರುಗಳು ಎರಡು ವರ್ಷ ಕಾಯಿರಿ ಎಂದರು. ಬಸುರಾದರೆ ಹೊಸ ಕಿಡ್ನಿಗೂ ಅಪಾಯ, ನಿನಗೂ ಅಪಾಯ ಎಂದು ಬಿಡಿಸಿ ಹೇಳಿದರು. ಸೋಖಿಂಗ್ ಎಲ್ಲ ಕೇಳಿದಳು, ಕಾದಳು, ಹೇಳಿದ ಮಾತ್ರೆ ಬದಲಾಯಿಸಿಕೊಂಡಳು. ಆಮೇಲೆ ಬಸುರಾದಳು. ಈ ಸಲ ರಕ್ತದ ಆ ಅಂಕೆ ದಿನದಿಂದ ದಿನಕ್ಕೆ ಏರಿತು. ಮಂಚದ ಮೇಲಿನ ಮೊಳೆಯನ್ನು ಕಿತ್ತುಹಾಕಬೇಕೆಂದು ಬೋಂಗ್‌ಚಿಗೆ ಬಹಳ ಆಸೆಯಿತ್ತು. ಆದರೆ ಹೊಡೆಯಬಾರದೆಂದ ಮೇಲೆ ಕೀಳಲೂ ಬಾರದು. ಸೋಖಿಂಗ್ ಬಸುರಿನ ಅಷ್ಟೂ ದಿನ ಆ ಮೊಳೆಯ ಕೆಳಗೇ ಮಲಗಿದಳು.

ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಹೆಣ್ಣು, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ, ಆದರೆ ಜೋರಾಗಿ ಅಳುತ್ತಿತ್ತು. ತನ್ನ ಹೆಸರಿನಂಥ ಹೆಸರು ಮೊಮ್ಮಗಳಿಗೆ ಇಡಬಾರದೆಂದು ಬೋಂಗ್‌ಚಿ ಗುಡಿಯ ಪೂಜಾರಿಯನ್ನೂ ಶಾಲೆಯ ಮೇಷ್ಟರನ್ನೂ ಕೇಳಿ ಕೇಳಿ ಬೇಸರ ಹಿಡಿಸಿದಳು. ಪೆಟ್ಟಿಗೆಯ ತಳದಿಂದ ಹೂವಿನ ಬಟ್ಟೆ ಆಚೆ ಬಂತು.

ಸೋಖಿಂಗ್ ಬದುಕಿದ್ದದ್ದು ಕೂಸಿಗೆ ಹಲ್ಲು ಮೂಡುವವರೆಗೆ. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಂತೆ ತಡೆಯುವ ಮಾತ್ರೆಗಳು ಬೇರೆ ರೋಗಗಳನ್ನು ತಡೆಯುವ ಬಲವನ್ನೂ ತೆಗೆಯುತ್ತವೆ. ಬೇರೆಯವರಾದರೆ ನಾಲ್ಕು ದಿನ ಮಲಗಿ ಏಳುತ್ತಿದ್ದ ಒಂದು ಕೆಮ್ಮು ಅವಳ ಎದೆಗೆ ಇಳಿಯಿತು. ಕೊನೆಯವರೆಗೂ ಗಂಡ ಕೊಟ್ಟ ಕಿಡ್ನಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತೆಂದು ಡಾಕ್ಟರು ಹೇಳಿದರಂತೆ. ಬೋಂಗ್‌ಚಿ ಈಗ ಸಿಂಪಿಯ ಹಲಗೆಯ ಮುಂದೆ ಕೂರುವಾಗ ಬೆನ್ನಿಗೆ ಮೊಮ್ಮಗಳನ್ನು ಕಟ್ಟಿಕೊಂಡಿರುತ್ತಾಳೆ. ಪೋಚಾಯ್ ಬಸ್ಸಿನಲ್ಲಿ ಹೋಗುವಾಗ ಅವಳು ಚಾಕು ಎತ್ತಿ ಸನ್ನೆ ಮಾಡುತ್ತಾಳೆ.

ಸೋಖಿಂಗ್ ಕೊನೆಯ ಸಲ ಕೇಂದ್ರಕ್ಕೆ ಬಂದದ್ದು ಬಾಣಂತನದ ತಿಂಗಳು ಮುಗಿದ ಮರುವಾರ. ಕೂಸನ್ನು ಮೇಲೆ ತರುವ ಹಾಗಿಲ್ಲವೆಂದು ಬೋಂಗ್‌ಚಿ ಕೆಳಗೆ ಮರದ ನೆರಳಿನಲ್ಲಿ ಎತ್ತಿಕೊಂಡು ನಿಂತಿದ್ದಳು. ಕಿಟಕಿಯಿಂದ ಹೂವಿನ ಬಟ್ಟೆ ಕಾಣುತ್ತಿತ್ತು. ಸೋಖಿಂಗ್ ಪೋಚಾಯ್‌ಳ ಪಕ್ಕ ಕೂತು, ತೊಡೆಯ ಮೇಲಿನ ಚೀಲದಿಂದ ಟವೆಲಿನಲ್ಲಿ ಸುತ್ತಿದ ಒಂದು ಸಣ್ಣ ಬಾಟಲಿಯನ್ನು ತೆಗೆದಳು. ಅದರಲ್ಲಿ ಹಾಲಿತ್ತು, ಇನ್ನೂ ಬೆಚ್ಚಗಿತ್ತು.

"ನಿಜವಾದ ಹಾಲು ಅಜ್ಜಿ. ಕೂಸು ಅತ್ರೆ ಸಾಕು, ತಾನಾಗಿ ಬರ್ತದೆ. ಆದ್ರೆ ಕೊಡೋ ಹಾಗಿಲ್ಲ. ನಾನು ತಿನ್ನೋ ಮಾತ್ರೆ ಎಲ್ಲಾ ಇದರಲ್ಲಿ ಇಳೀತದಂತೆ. ಡಬ್ಬದ ಹಾಲೇ ಕೊಡು ಅಂದ್ರು ಡಾಕ್ಟ್ರು." ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಆವಾಗ ಬಂದದ್ದನ್ನ ನಾಚಿಕೊಂಡು ಬಟ್ಟೆಯಲ್ಲಿ ಒರೆಸಿ ಒರೆಸಿ ಬಿಟ್ಟೆ. ಅದು ಯಾರದ್ದೂ ಅಲ್ಲ. ಇದು ಅವಳದು. ಬಚ್ಚಲಿಗೆ ಹಾಕೋಣ ಅಂತ ಹೋಗ್ತೀನಿ, ಕೈ ಬರಲ್ಲ."

ಪೋಚಾಯ್‌ಳ ಒಂದು ತೋಳು ಯಂತ್ರಕ್ಕೆ ಕಟ್ಟಿತ್ತು. ಇನ್ನೊಂದು ಕೈ ಚಾಚಿ ಬಾಟಲಿಯನ್ನು ಮುಟ್ಟಿದಳು. ಕೆಳಗಿನಿಂದ ಕೂಸಿನ ಅಳು ಕೇಳಿಸಿತು. ಸೋಖಿಂಗ್ ತಟ್ಟನೆ ಎದೆಯ ಮೇಲೆ ಟವೆಲು ಒತ್ತಿಕೊಂಡು ಕೇಳಿದಳು:

"ಎಲ್ಲಿ ಸುರೀಲಿ ಅಜ್ಜಿ, ಇದನ್ನ?"